ವಾರಂಟಿಗೆ ವಾಯಿದೆ ಇಲ್ಲ, ತಮ್ಮಾ

ಚಿರಂಜೀವಿ ತಮ್ಮನಿಗೆ ಯರಗಟ್ಟಿಯಿಂದ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಮೊನ್ನೆ ಹವಾಲ್ದಾರರು ಮನೆಗೆ ಬಂದು, ವಾರಂಟು ಇದೆ ಎಂದು ನಿನ್ನನ್ನು ಕೇಳಿ ಹೋದರು. ಅವ್ವ ಫೋನ್ ಮಾಡಿದರೆ, "ನಾ ಗೋವಾದಾಗ ಇದ್ದೀನಿ, ಒಂದು ವರ್ಷ ಊರಕಡೆ ಬರಂಗಿಲ್ಲ, ಅಷ್ಟೊತ್ತಿಗೆ ತಣ್ಣಗಾಗ್ತದ" ಅಂದೆಯಂತೆ. ತಣ್ಣಗಾಗುವುದಿಲ್ಲ. ಕೋರ್ಟಿನ ಕಚೇರಿಯಲ್ಲೇ ಕೂದಲು ಹಣ್ಣಾದವನಾದ್ದರಿಂದ ಇದನ್ನು ಹೇಳುತ್ತಿದ್ದೇನೆ. ದುಡಿಯಲು ಹೋಗಿ ತಾರೀಖು ತಪ್ಪಿಸಿಕೊಂಡ ಹುಡುಗರು ನಮ್ಮ ಸೀಮೆಯಲ್ಲಿ ಊರೂರಿಗೂ ಇದ್ದಾರೆ. ಹಾಗಾಗಿ ನಿನ್ನ ಹೆಸರು ತೆಗೆದು ಈ ಪತ್ರವನ್ನು ಪತ್ರಿಕೆಗೂ ಕೊಟ್ಟಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ.

ಮೊದಲು ಇದನ್ನು ತಿಳಿದುಕೋ. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಹೋಗಿ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 72ನೆಯ ಕಲಂ ಪ್ರಕಾರ ವಾರಂಟು ಬರಹದಲ್ಲಿರಬೇಕು, ನ್ಯಾಯಾಧೀಶರ ಸಹಿ ಮತ್ತು ಕೋರ್ಟಿನ ಮೊಹರು ಇರಬೇಕು. ಒಮ್ಮೆ ಹೊರಟ ವಾರಂಟು ಜಾರಿಯಾಗುವವರೆಗೆ ಅಥವಾ ಹೊರಡಿಸಿದ ಕೋರ್ಟೇ ರದ್ದು ಮಾಡುವವರೆಗೆ ಜೀವಂತ. ವರ್ಷ ಕಳೆದರೂ ಹತ್ತು ವರ್ಷ ಕಳೆದರೂ ಅಷ್ಟೇ. ದೇಶದ ಯಾವ ಮೂಲೆಯಲ್ಲಾದರೂ ಅದನ್ನು ಜಾರಿ ಮಾಡಬಹುದು. ಗೋವಾ ಏನೂ ದೂರವಲ್ಲ. ಠಾಣೆಗಳಲ್ಲಿ ಇಂಥ ಹಳೆಯ ಕೇಸುಗಳಿಗೆ ಎಲ್‌ಪಿಸಿ ಅನ್ನುತ್ತಾರೆ. ಯಾವುದೋ ಜಾತ್ರೆಗೋ ಮದುವೆಗೋ ಊರಿಗೆ ಬಂದವನನ್ನು ಹಿಡಿದುಕೊಂಡು ಹೋದರು ಎಂಬ ಸುದ್ದಿ ಬರುವುದು ಆ ಪಟ್ಟಿಯಿಂದಲೇ. ದುಬೈಗೆ ಹೋಗುವ ನಿನ್ನ ಆಸೆಗೂ ಇದು ಅಡ್ಡ ಬರುತ್ತದೆ. ಕೋರ್ಟಿನ ಸಮನ್ಸೋ ವಾರಂಟೋ ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಲು 1967ರ ಪಾಸ್‌ಪೋರ್ಟ್ ಕಾಯ್ದೆಯಲ್ಲಿ ಅವಕಾಶವಿದೆ.

"ಸಮನ್ಸೇ ಬರದೆ ವಾರಂಟು ಹೆಂಗ ಬಂತು?" ಅಂತ ಕೇಳಬಹುದು. ಬಂದಿರಬೇಕು, ನೀನು ಇರಲಿಲ್ಲ. ಮೊದಲು ಮನೆಯ ವಯಸ್ಕ ಗಂಡಸಿನ ಕೈಗೆ ಕೊಟ್ಟರೆ ಮಾತ್ರ ನಡೆಯುತ್ತಿತ್ತು. ಹೊಸ ಸಂಹಿತೆಯಲ್ಲಿ "ಗಂಡಸು" ಹೋಗಿದೆ. ನೀನು ಸಿಗದಿದ್ದಾಗ ಅವ್ವನೋ ತಂಗಿಯೋ ಸಹಿ ಮಾಡಿ ತೆಗೆದುಕೊಂಡರೂ ಸಮನ್ಸು ಮುಟ್ಟಿದ ಲೆಕ್ಕ. ಅವ್ವನ ಟ್ರಂಕಿನಲ್ಲಿ, ಬ್ಯಾಂಕಿನ ಪಾಸ್‌ಬುಕ್ಕಿನ ಜೊತೆ ಮಡಚಿಟ್ಟ ಕಾಗದ ಏನಾದರೂ ಇದೆಯೇ ಅಂತ ಮೊದಲು ಹುಡುಕಿಸು.

ಸಮನ್ಸು ಮುಟ್ಟಿಯೂ ತಾರೀಖಿಗೆ ಬರದಿದ್ದರೆ ಜವಾನ ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಾನೆ. ಓ ಅನ್ನುವವರಿಲ್ಲದಿದ್ದರೆ ವಾರಂಟಿಗೆ ಆದೇಶವಾಗುತ್ತದೆ. ಮೊದಲು ಸಮನ್ಸು, ಆಮೇಲೆ ಜಾಮೀನು ಸಹಿತ ವಾರಂಟು, ಅದಕ್ಕೂ ಬಗ್ಗದಿದ್ದರೆ ಜಾಮೀನು ರಹಿತ ವಾರಂಟು. ಖಾಸಗಿ ದೂರಿನ ಕೇಸುಗಳಲ್ಲಿ ಈ ಕ್ರಮವನ್ನೇ ಹಿಡಿಯಬೇಕೆಂದು ಸುಪ್ರೀಂ ಕೋರ್ಟು 2007ರಲ್ಲಿ ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಬಂದಿರುವುದು ಯಾವ ವಾರಂಟು ಅನ್ನುವುದು ಮುಖ್ಯ. ಜಾಮೀನು ಸಹಿತವಾದರೆ ಎಷ್ಟು ರೂಪಾಯಿಯ ಮುಚ್ಚಳಿಕೆ, ಎಷ್ಟು ಜನ ಜಾಮೀನುದಾರರು, ಯಾವ ದಿನ ಹಾಜರಾಗಬೇಕು ಎಂಬುದನ್ನು ಅದರ ಮೇಲೇ ಬರೆದಿರುತ್ತಾರೆ. ಅಷ್ಟು ಕೊಟ್ಟರೆ ಠಾಣೆಯಿಂದಲೇ ಬಿಡುತ್ತಾರೆ. ಕೋರ್ಟಿನಲ್ಲಿ ಎನ್‌ಬಿಡಬ್ಲ್ಯು ಅನ್ನುವ ಜಾಮೀನು ರಹಿತ ವಾರಂಟಾದರೆ ಹಿಡಿದವರು ನಿನ್ನನ್ನು ಕೋರ್ಟಿನ ಮುಂದೆಯೇ ನಿಲ್ಲಿಸಬೇಕು, ಅದೂ ಪ್ರಯಾಣದ ಹೊತ್ತು ಬಿಟ್ಟು 24 ತಾಸಿನೊಳಗೆ. ಯಾವುದೇ ವಾರಂಟಿರಲಿ, ಅದರಲ್ಲಿ ಏನಿದೆ ಎಂದು ತಿಳಿಸಬೇಕು; ಕೇಳಿದರೆ ತೋರಿಸಬೇಕು. ಓದಿ ನೋಡಲು ಹೆದರಬೇಡ.

ಈಗ ಹುಡುಕುವ ಕೆಲಸ. ವಾರಂಟು ಇದ್ದವರ ಹೆಸರುಗಳನ್ನು ಊರುವಾರು ಪಟ್ಟಿ ಮಾಡಿ ಜನರಿಗೆ ತೋರಿಸುವ ಪದ್ಧತಿ ನಮ್ಮಲ್ಲಿಲ್ಲ. ಹುಡುಕಬೇಕಾದ್ದು ಕೇಸನ್ನು, ಕೇಸು ಸಿಕ್ಕರೆ ವಾರಂಟು ಸಿಕ್ಕಿತು. ನಿನ್ನದು ಬೈಲಹೊಂಗಲದ ವ್ಯಾಪಾರಿಗೆ ಕೊಟ್ಟ ಚೆಕ್ಕಿನ ವ್ಯವಹಾರ ಇರಬಹುದು ಅಂತ ನಿಮ್ಮಪ್ಪ ಅನ್ನುತ್ತಾನೆ. ಹಾಗಿದ್ದರೆ ಸವದತ್ತಿ ಕೋರ್ಟಿನಲ್ಲಿ ಹುಡುಕಿ ಸಿಗಲಿಲ್ಲವೆಂದು ನಿರಾಳನಾಗಬೇಡ. 2015ರ ತಿದ್ದುಪಡಿಯ ಮೇಲೆ, ಚೆಕ್ ತೆಗೆದುಕೊಂಡವನು ಅದನ್ನು ತನ್ನ ಖಾತೆಗೆ ಹಾಕಿದ್ದರೆ ಆ ಖಾತೆ ಇರುವ ಶಾಖೆ ಯಾವ ಕೋರ್ಟಿನ ಹದ್ದಿನಲ್ಲಿದೆಯೋ ಅಲ್ಲಿ ಕೇಸು. ಅವನ ಖಾತೆ ಬೈಲಹೊಂಗಲದಲ್ಲಿದ್ದರೆ ಅಲ್ಲಿ, ರಾಮದುರ್ಗದಲ್ಲಿದ್ದರೆ ರಾಮದುರ್ಗದಲ್ಲಿ. ಪೊಲೀಸ್ ಕೇಸಾದರೆ ಘಟನೆ ನಡೆದ ಠಾಣೆಯನ್ನು ಹಿಡಿದು ಹೋಗಬೇಕು. ಯರಗಟ್ಟಿ ತಾಲ್ಲೂಕಾಗುವ ಮೊದಲಿನ ಕೇಸುಗಳಿಗೆ ಸವದತ್ತಿಯನ್ನು ನೋಡಲೇಬೇಕು.

ಮೊಬೈಲಿನಲ್ಲಿ ಇ-ಕೋರ್ಟ್ಸ್ ಸರ್ವಿಸಸ್ ಆ್ಯಪ್ ಇದೆ, ಅದೇ ಹೆಸರಿನ ಜಾಲತಾಣವೂ ಇದೆ, ದುಡ್ಡು ಕೊಡಬೇಕಾಗಿಲ್ಲ. ಕರ್ನಾಟಕ, ಬೆಳಗಾವಿ ಜಿಲ್ಲೆ, ಆಮೇಲೆ ಕೋರ್ಟಿನ ಸಂಕೀರ್ಣ ಆರಿಸಿಕೋ. ಸವದತ್ತಿ ಕಾಣದಿದ್ದರೆ ಸೌಂದತ್ತಿ ಅಂತ ನೋಡು. ಪಕ್ಷಗಾರನ ಹೆಸರು ಮತ್ತು ವರ್ಷ ಹಾಕಿ ಹುಡುಕು. ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿರುವುದರಿಂದ ಒಂದು "ಎ" ಹೆಚ್ಚುಕಡಿಮೆಯಾದರೂ ಸಿಗುವುದಿಲ್ಲ. ಬಸವರಾಜ ಒಂದು ಕಡೆ ಬಸ್ವರಾಜ ಆಗಿರುತ್ತಾನೆ. ಅದಕ್ಕೆ ಹೆಸರಿನ ಮೊದಲ ಕೆಲವು ಅಕ್ಷರ ಮಾತ್ರ ಹಾಕು, ಅಡ್ಡಹೆಸರಿನಿಂದಲೂ ಹುಡುಕು, ಹಿಂದಿನ ಎರಡು ಮೂರು ವರ್ಷಗಳನ್ನೂ ನೋಡು. ಸಿಕ್ಕಿದರೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರನ್ನು ಬರೆದಿಟ್ಟುಕೋ. ಮುಂದೆ ಅದೊಂದೇ ಸಾಕು. ಕೇಸಿನ ಇತಿಹಾಸದಲ್ಲಿ ಪ್ರತಿ ತಾರೀಖಿನ ಎದುರು ಏನಾಯಿತೆಂದು ಇರುತ್ತದೆ. ಅಲ್ಲಿ ಸಮನ್ಸು ಅಂತಿದೆಯೋ ಎನ್‌ಬಿಡಬ್ಲ್ಯು ಅಂತಿದೆಯೋ, ಮುಂದಿನ ತಾರೀಖು ಯಾವುದು, ಅಷ್ಟು ನೋಡು. ತೆರೆಯ ಮೇಲೆ ಕಾಣಲಿಲ್ಲ ಅಂದಮಾತ್ರಕ್ಕೆ ಇಲ್ಲವೆಂದು ತಿಳಿಯಬೇಡ. ವಕೀಲರ ಮೂಲಕ ಕಚೇರಿಯಲ್ಲಿ ಕಡತ ನೋಡಿಸಿದರೆ, ಆದೇಶದ ಹಾಳೆಯ ನಕಲು ತೆಗೆಸಿದರೆ ಅನುಮಾನ ಉಳಿಯುವುದಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ವಾರಂಟಿನ ಫೋಟೋ ಕಳಿಸಿ, ವಿಡಿಯೋ ಕಾಲಿನಲ್ಲಿ ಕೂರಿಸಿ ದುಡ್ಡು ಕೇಳಿದರೆ ಅದು ಮೋಸ. ಡಿಜಿಟಲ್ ಅರೆಸ್ಟ್ ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ಅಂಥ ಕರೆ ಬಂದರೆ 1930ಕ್ಕೆ ಹೇಳು. "ಇಷ್ಟು ಕೊಡ್ರಿ, ಠಾಣೆಯಲ್ಲೇ ವಾರಂಟು ಮುಗಿಸ್ತೀನಿ" ಅನ್ನುವ ಮಧ್ಯಸ್ಥನನ್ನೂ ನಂಬಬೇಡ. ಪೊಲೀಸರು ಜಾರಿ ಮಾಡಬಹುದೇ ಹೊರತು ರದ್ದು ಮಾಡಲಾರರು.

ರದ್ದು ಮಾಡಿಸುವ ದಾರಿ ನೇರವಾಗಿದೆ. ಹಿಡಿಯುವ ಮೊದಲೇ ನೀನಾಗಿ ವಕೀಲರೊಡನೆ ಕೋರ್ಟಿಗೆ ಬಂದು, ಬರದಿದ್ದ ಕಾರಣ ಬರೆದು, ವಾರಂಟು ರದ್ದತಿಯ ಅರ್ಜಿ ಕೊಡಬೇಕು. ನೀನಾಗಿ ಬಂದವನೆಂಬುದು ನಿನ್ನ ಪರ ನಿಲ್ಲುತ್ತದೆ. ಸಾಮಾನ್ಯವಾಗಿ ದಂಡವನ್ನೋ ಹೊಸ ಮುಚ್ಚಳಿಕೆಯನ್ನೋ ಹಾಕಿ ರದ್ದು ಮಾಡುತ್ತಾರೆ. ಆದರೆ ಅದು ನ್ಯಾಯಾಧೀಶರ ವಿವೇಚನೆ. ಪದೇ ಪದೇ ತಪ್ಪಿಸಿಕೊಂಡವನನ್ನು ಕಸ್ಟಡಿಗೂ ಕಳಿಸಬಹುದು. ಬಾರದೇ ಉಳಿದರೆ ತಲೆಮರೆಸಿಕೊಂಡವನೆಂಬ ಘೋಷಣೆ, ಆಸ್ತಿ ಜಪ್ತಿ ಎಂದು ಮುಂದಿನ ಮೆಟ್ಟಿಲುಗಳಿವೆ.

ರದ್ದಾದ ದಿನವೇ ಆದೇಶದ ನಕಲಿಗೆ ಅರ್ಜಿ ಹಾಕು. ಸಿಕ್ಕ ಮೇಲೆ ಒಂದನ್ನು ಠಾಣೆಗೆ ಕೊಟ್ಟು ಸ್ವೀಕೃತಿ ತೆಗೆದುಕೋ. ಇದು ಅತಿಯಾಯಿತು ಅನ್ನಬೇಡ. ಮುಂಬೈಯಲ್ಲಿ ಒಬ್ಬ ವಕೀಲರನ್ನೇ, ವಾರಂಟು ರದ್ದಾಗಿದ್ದರೂ, 2002ರ ಆಗಸ್ಟ್ 15ರಂದು ಹಿಡಿದರು. ಆ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಗಿ, ವಾರಂಟುಗಳಿಗೆ ರಿಜಿಸ್ಟರ್ ಇಡಬೇಕೆಂದು 2011ರಲ್ಲಿ ನಿರ್ದೇಶನ ಬಂತು.

ವಕೀಲರಿಗೆ ಕೊಡಲು ದುಡ್ಡಿಲ್ಲದ ಹುಡುಗರು ಇದನ್ನು ಓದುತ್ತಿದ್ದರೆ, ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಬಹುದು.

ಕೊನೆಯದಾಗಿ ಜಾಮೀನಿನ ಮಾತು. ನಿನಗಾಗಿ ಯಾರೋ ಒಬ್ಬರು ತಮ್ಮ ಹೊಲದ ಉತಾರ ಹಿಡಿದು ಕಟಕಟೆಯ ಪಕ್ಕ ನಿಲ್ಲುತ್ತಾರೆ. ಆಮೇಲೆ ನೀನು ತಾರೀಖು ತಪ್ಪಿಸಿದರೆ ನೋಟಿಸು ಅವರ ಮನೆಗೆ, ಮುಚ್ಚಳಿಕೆಯ ದುಡ್ಡು ಅವರ ತಲೆಗೆ. ಬರಲು ಆಗದ ದಿನ ವಕೀಲರಿಗೆ ಮೊದಲೇ ಹೇಳಿ ಗೈರುಹಾಜರಿ ಅರ್ಜಿ ಹಾಕಿಸು. ಒಂದು ಫೋನಿನ ಕೆಲಸ.

ಈ ವಾರ ರಜೆ ಹಾಕಿ ಬಾ. ಆಧಾರ್ ಮತ್ತು ಎರಡು ಫೋಟೋ ತಾ. ಉತಾರ ನನ್ನದೇ ಇದೆ. ಬೆಳಿಗ್ಗೆ ಹನ್ನೊಂದಕ್ಕೆ ಮೊದಲು ಕೋರ್ಟಿನಲ್ಲಿರೋಣ.

ಇಂತಿ,
ನಿನ್ನ ಕಾಕಾ