ಬೇತ್ಲೆಹೇಮಿನ ದಾರಿಯಲ್ಲಿ ಒಂದು ಸಮಾಧಿ

ಓದುವ ಭಾಗ: ಆದಿಕಾಂಡ 35:16-20, ರೂತಳು 1:19-21 ಮತ್ತು 4:9-10, ಮತ್ತಾಯ 2:16-18

ಕ್ಯಾರಲ್ ರೌಂಡ್ಸ್ ಶುರುವಾಗಿದೆ, ಯೂತ್‌ನವರ ಸ್ಕಿಟ್ ಪ್ರಾಕ್ಟೀಸ್ ನಡೀತಿದೆ. ಆದ್ರೆ ನಮ್ಮ ಸಭೆಯಲ್ಲೇ ಕೆಲವು ಮನೆಗಳಲ್ಲಿ ಈ ಕ್ರಿಸ್ಮಸ್‌ಗೆ ಒಬ್ಬರು ಕಡಿಮೆ ಇದ್ದಾರೆ. ಅಪ್ಪ ಇಲ್ಲ, ಅಜ್ಜಿ ಇಲ್ಲ, ಜೊತೆಗೆ ಬೆಳೆದ ಅಣ್ಣ ಇಲ್ಲ. ಅಂಥ ಮನೆಗೆ ಎರಡು ಕಡೆಯಿಂದ ಮಾತು ಬರುತ್ತೆ. ನೆಂಟರು, "ವರ್ಷ ತುಂಬೋ ತನಕ ಹಬ್ಬ ಮಾಡ್ಬಾರ್ದು, ಸ್ಟಾರ್ ಕಟ್ಬೇಡಿ" ಅಂತಾರೆ. ವಿಶ್ವಾಸಿಗಳು, "ಅವರು ಮಹಿಮೆಯಲ್ಲಿದ್ದಾರಲ್ಲ, ಯಾಕೆ ಅಳ್ತೀಯ?" ಅಂತಾರೆ. ಒಬ್ಬರಿಗೆ ಹಬ್ಬ ಬೇಡ, ಇನ್ನೊಬ್ಬರಿಗೆ ಅಳು ಬೇಡ. ವಾಕ್ಯ ಏನು ಹೇಳುತ್ತೆ ನೋಡೋಣ.

ಬೇತ್ಲೆಹೇಮ್ ಅಂದ ಕೂಡಲೇ ನಮಗೆ ನೆನಪಾಗೋದು ಗೋದಲಿ, ಕುರುಬರು, ನಕ್ಷತ್ರ. ಆದರೆ ಸತ್ಯವೇದದಲ್ಲಿ ಆ ಊರಿನ ಹೆಸರು ಮೊದಲು ಬರುವುದು ಒಂದು ಸಾವಿನ ಸಂಗತಿಯಲ್ಲಿ. ರಾಹೇಲಳು ದಾರಿಯಲ್ಲೇ ಹೆರಿಗೆಯಾಗಿ ತೀರಿಕೊಂಡಳು, ಯಾಕೋಬನು ಆಕೆಯ ಸಮಾಧಿಯ ಮೇಲೆ ಕಲ್ಲು ನಿಲ್ಲಿಸಿದನು. ಆಮೇಲೆ ಮರೆತನಾ? ಇಲ್ಲ. ಎಷ್ಟೋ ವರ್ಷಗಳ ನಂತರ, ಐಗುಪ್ತದಲ್ಲಿ, ಸಾಯುವ ಹೊತ್ತು ಹತ್ತಿರವಾದಾಗ ಯೋಸೇಫನ ಮುಂದೆ ಮತ್ತೆ ಅದೇ ದಾರಿ, ಅದೇ ಊರಿನ ಮಾತು ಎತ್ತುತ್ತಾನೆ (ಆದಿಕಾಂಡ 48:7). ಯಾರೂ ಅವನನ್ನು, "ಇನ್ನೂ ಅದೇ ಹೇಳ್ತೀಯಲ್ಲ" ಅಂತ ಗದರಿಸಲಿಲ್ಲ.

ಮತ್ತಾಯನು ಕ್ರಿಸ್ತನ ಜನನದ ಸಂಗತಿ ಬರೆಯುವಾಗಲೂ ರಾಹೇಲಳ ಅಳುವನ್ನು ಬಿಡಲಿಲ್ಲ. ಹೆರೋದನು ಕೂಸುಗಳನ್ನು ಕೊಲ್ಲಿಸಿದ ಆ ವಚನಗಳನ್ನು ನಾವು ಸ್ಕಿಟ್‌ನಲ್ಲಿ ಕಟ್ ಮಾಡ್ತೀವಿ (ಚಿಕ್ಕ ಮಕ್ಕಳು ನೋಡ್ತಾರೆ, ಸರಿಯೇ). ಸುವಾರ್ತೆಯಲ್ಲಿ ಮಾತ್ರ ಅದು ಹಾಗೇ ಉಳಿದಿದೆ. ಅಳುವವರಿಗೂ ಕ್ರಿಸ್ಮಸ್‌ನಲ್ಲಿ ಜಾಗ ಇದೆ. ಪೌಲನೂ ಥೆಸಲೊನೀಕದವರಿಗೆ ದುಃಖವನ್ನೇ ಪಡಬೇಡಿ ಅನ್ನಲಿಲ್ಲ, ನಿರೀಕ್ಷೆಯಿಲ್ಲದವರ ಹಾಗೆ ದುಃಖಪಡಬೇಡಿ ಅಂದನು.

ಈಗ ಕಷ್ಟದ ಪ್ರಶ್ನೆಗೆ ಬರ್ತೀನಿ. ನಿಮ್ಮಲ್ಲಿ ಎಷ್ಟೋ ಜನ ಮನೆಯಲ್ಲಿ ಮೊದಲ ವಿಶ್ವಾಸಿಗಳು. "ಪಾಸ್ಟರ್, ನಮ್ಮಪ್ಪ ಕೊನೆವರೆಗೂ ಯೇಸುವನ್ನ ಒಪ್ಪಿಕೊಳ್ಳಲಿಲ್ಲ. ಅವರನ್ನ ನೆನಸಿ ಸ್ತೋತ್ರ ಹೇಳಬಹುದಾ?" ಅಂತ ಕೇಳುವವರಿದ್ದಾರೆ. ಹೇಳಬಹುದು. ರೂತಳ ಪುಸ್ತಕ ತೆಗೀರಿ. ನೊವೊಮಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಮೋವಾಬಿನಲ್ಲಿ ಮಣ್ಣು ಮಾಡಿ ಬೇತ್ಲೆಹೇಮಿಗೆ ಬಂದು, ನನ್ನನ್ನು ಮಾರಾ ಎಂದು ಕರೆಯಿರಿ, ಅಂದರೆ ಕಹಿ, ಅಂತಾಳೆ. ಅವಳ ಮಗ ಮಹ್ಲೋನನ ನಂಬಿಕೆ ಹೇಗಿತ್ತು ಅಂತ ವಾಕ್ಯ ಒಂದು ಮಾತೂ ಹೇಳುವುದಿಲ್ಲ. ಆದರೂ ಬೋವಜನು ಊರಬಾಗಿಲಲ್ಲಿ, ಹಿರಿಯರೆಲ್ಲರ ಮುಂದೆ, ಆ ಸತ್ತವನ ಹೆಸರನ್ನು ಬಾಯಿಬಿಟ್ಟು ಹೇಳಿದನು. ಆ ಹೆಸರು ಊರಿನಿಂದ ಅಳಿದು ಹೋಗಬಾರದು ಅಂದನು. ಅದೂ ಬೇತ್ಲೆಹೇಮಿನಲ್ಲೇ! ಆ ಮನೆತನದಲ್ಲೇ ದಾವೀದನು, ಆಮೇಲೆ ಕ್ರಿಸ್ತನು ಬಂದನು. ನಿಮ್ಮಪ್ಪನ ತೀರ್ಪು ನಿಮ್ಮ ಕೈಯಲ್ಲಿಲ್ಲ, ನೆಂಟರ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ. ಸರ್ವಲೋಕದ ನ್ಯಾಯಾಧಿಪತಿಗೆ ಬಿಡಿ. ಅವರು ಓವರ್‌ಟೈಮ್ ಮಾಡಿ ನಿಮ್ಮ ಫೀಸ್ ಕಟ್ಟಿದ್ದಕ್ಕೆ ದೇವರಿಗೆ ಸ್ತೋತ್ರ ಹೇಳೋದಕ್ಕೆ ಯಾವ ಅಡ್ಡಿಯೂ ಇಲ್ಲ.

ಆದರೆ ಒಂದು ಗೆರೆ ಇದೆ. ಸತ್ತವರನ್ನು ನೆನಸೋದು ಬೇರೆ, ಅವರ ಹತ್ತಿರ ಕೇಳೋದು ಬೇರೆ. ಫೋಟೋ ಗೋಡೆ ಮೇಲಿರಲಿ, ತೊಂದರೆಯಿಲ್ಲ. ಅದರ ಮುಂದೆ ಎಡೆ ಇಟ್ಟು, "ನನ್ನ ಇಂಟರ್‌ವ್ಯೂ ನೋಡ್ಕೋ" ಅಂದರೆ ಅದು ಧರ್ಮೋಪದೇಶಕಾಂಡ 18 ಬೇಡ ಅಂದ ದಾರಿ. ಈಗ ಇನ್ನೊಂದು ಬಂದಿದೆ, ತೀರಿಹೋದವರ ಧ್ವನಿಯಲ್ಲೇ ಉತ್ತರ ಕೊಡುವ ಎಐ ಆಪ್‌ಗಳು. ಅಮ್ಮ ಕಳಿಸಿದ ಹಳೇ ವಾಯ್ಸ್ ನೋಟ್ ಕೇಳಿ, ಅತ್ತುಬಿಡಿ, ಅದು ಅಮ್ಮನದೇ ಮಾತು. ಅಮ್ಮ ಯಾವತ್ತೂ ಆಡದ ಮಾತನ್ನ ಮೆಷೀನ್ ಕೈಯಲ್ಲಿ ಆಡಿಸಿ ಸಮಾಧಾನ ಹುಡುಕಬೇಡಿ. ಸಮಾಧಾನ ಕೊಡುವ ಪವಿತ್ರಾತ್ಮನು ನಮಗಿದ್ದಾನೆ.

ಹಾಗಾದ್ರೆ ಡಿಸೆಂಬರ್ 25ಕ್ಕೆ ಏನು ಮಾಡೋದು? ಸ್ಟಾರ್ ಕಟ್ಟಬೇಕು ಅನ್ನಿಸಿದ್ರೆ ಕಟ್ಟಿ, ಈ ವರ್ಷ ಕೈ ಬರಲಿಲ್ಲ ಅಂದ್ರೆ ಬಿಡಿ, ಅದು ಪಾಪವಲ್ಲ. ಅಜ್ಜಿ ಮಾಡ್ತಿದ್ದ ಕಲ್‌ಕಲ್ ನೀವೇ ಮಾಡಿ ನೋಡಿ, ಆಕಾರ ಕೆಟ್ಟರೂ ಪರವಾಗಿಲ್ಲ. ಊಟಕ್ಕೆ ಮುಂಚೆ ಪ್ರಾರ್ಥನೆಯಲ್ಲಿ ಅವರ ಹೆಸರು ಹೇಳಿ ದೇವರಿಗೆ ಸ್ತೋತ್ರ ಸಲ್ಲಿಸಿ. ಹೆಸರು ಎತ್ತಿದರೆ ಅಮ್ಮ ಅಳ್ತಾರೆ ಅಂತ ಎಲ್ಲರೂ ಸುಮ್ಮನಿರ್ತೀರಿ. ಅಮ್ಮ ಅದೇ ಹೆಸರನ್ನ ಯಾರಾದರೂ ಹೇಳ್ತಾರಾ ಅಂತ ಕಾಯ್ತಿರಬಹುದು.

ಈಗ ಕಣ್ಣು ಮುಚ್ಚೋಣ. ಯಾರನ್ನ ಕಳಕೊಂಡಿದ್ದೀರೋ ಅವರ ಹೆಸರನ್ನ ಮೆಲ್ಲಗೆ, ನಿಮ್ಮ ಬಾಯಿಂದಲೇ, ಕರ್ತನ ಮುಂದೆ ಹೇಳಿ.