ಜನಾಭಿಪ್ರಾಯ ಮತ್ತು ವಿದೇಶಾಂಗ ನೀತಿ: ಚೀನಾ ಪ್ರಶ್ನೆ, 1954–1962

ಬಲಗೊಳ್ಳುತ್ತಿರುವ ನೆರೆರಾಷ್ಟ್ರದ ಬಗ್ಗೆ ಜನರ ಭಾವನೆ ಬದಲಾದರೆ ಸರ್ಕಾರದ ಆಯ್ಕೆಗಳೂ ಕುಗ್ಗುತ್ತವೆ. ಇದಕ್ಕೆ ನಮ್ಮದೇ ಇತಿಹಾಸಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

1954ರ ಏಪ್ರಿಲ್ 29ರಂದು ಭಾರತ ಮತ್ತು ಚೀನಾ ನಡುವೆ ಪಂಚಶೀಲ ಒಪ್ಪಂದವಾಯಿತು. 'ಹಿಂದೀ ಚೀನೀ ಭಾಯಿ ಭಾಯಿ' ಆ ದಿನಗಳ ಘೋಷಣೆ. ತಿರುವು ಬಂದದ್ದು 1959ರಲ್ಲಿ. ಮಾರ್ಚ್‌ನಲ್ಲಿ ದಲೈಲಾಮಾ ಟಿಬೆಟ್‌ನಿಂದ ಆಶ್ರಯ ಕೋರಿ ಭಾರತಕ್ಕೆ ಬಂದರು. ಆಗಸ್ಟ್‌ನಲ್ಲಿ ಪೂರ್ವ ಗಡಿಯ ಲೊಂಗ್ಜುವಿನಲ್ಲಿ ಎರಡೂ ಕಡೆಯ ಪಡೆಗಳ ನಡುವೆ ಘರ್ಷಣೆ. ಅಕ್ಸಾಯ್ ಚಿನ್‌ನಲ್ಲಿ ಚೀನಾ ನಿರ್ಮಿಸಿದ್ದ ರಸ್ತೆಯ ವಿಷಯವೂ ಸಂಸತ್ತಿನಲ್ಲಿ ಬಯಲಾಯಿತು. ಸೆಪ್ಟೆಂಬರ್‌ನಲ್ಲಿ ನೆಹರೂ ಸರ್ಕಾರ ಚೀನಾದೊಂದಿಗಿನ ಪತ್ರವ್ಯವಹಾರವನ್ನು ಶ್ವೇತಪತ್ರವಾಗಿ ಪ್ರಕಟಿಸಿತು. ಪಾರದರ್ಶಕತೆಯ ದೃಷ್ಟಿಯಿಂದ ಅದು ಸರಿಯಾದ ಹೆಜ್ಜೆಯೇ. ಆದರೆ ಗಡಿ ಪ್ರಶ್ನೆ ರಾಜತಾಂತ್ರಿಕರ ಮೇಜಿನಿಂದ ಬೀದಿಗೆ ಬಂದ ಮೇಲೆ ಕೊಡು-ಕೊಳ್ಳುವ ಮಾತುಕತೆ ಬಹಳ ಕಷ್ಟವಾಯಿತು. ಅಕ್ಟೋಬರ್ 21ರಂದು ಲಡಾಖ್‌ನ ಹಾಟ್ ಸ್ಪ್ರಿಂಗ್ಸ್ ಬಳಿ ಚೀನೀ ಪಡೆಯ ದಾಳಿಯಲ್ಲಿ ನಮ್ಮ ಪೊಲೀಸರು ಹುತಾತ್ಮರಾದರು.

1960ರ ಏಪ್ರಿಲ್‌ನಲ್ಲಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ದೆಹಲಿಗೆ ಬಂದಾಗ ರಾಜಿಗೆ ಅವಕಾಶ ಕಿರಿದಾಗಿತ್ತು; ಮಾತುಕತೆ ಫಲಿಸಲಿಲ್ಲ. ಜನಾಭಿಪ್ರಾಯವೊಂದೇ ಕಾರಣವೆಂದರೆ ವಾದ ದುರ್ಬಲವಾಗುತ್ತದೆ: ಗಡಿಯ ಬಗ್ಗೆ ಎರಡೂ ದೇಶಗಳ ನಿಲುವೇ ಬೇರೆಯಾಗಿತ್ತು.

ಚೀನಾದೊಂದಿಗಿನ 1962ರ ಯುದ್ಧದ ನಡುವೆ, ಸಂಸದರ ಒತ್ತಡದಿಂದ ರಕ್ಷಣಾ ಸಚಿವ ಕೃಷ್ಣ ಮೆನನ್ ಹುದ್ದೆ ತೊರೆಯಬೇಕಾಯಿತು. ನವೆಂಬರ್ 14ರಂದು ಆಕ್ರಮಣಕಾರರನ್ನು ಹೊರಹಾಕುವ ಸಂಕಲ್ಪವನ್ನು ಸಂಸತ್ತು ಅಂಗೀಕರಿಸಿತು. ಈ ಬಿರುಕು ದೀರ್ಘಕಾಲ ಉಳಿಯಿತು: ನೆಹರೂ ಅವರ 1954ರ ಭೇಟಿಯ ನಂತರ ಭಾರತದ ಪ್ರಧಾನಿಯೊಬ್ಬರು ಚೀನಾಕ್ಕೆ ಹೋದದ್ದು 1988ರ ಡಿಸೆಂಬರ್‌ನಲ್ಲಿ, ರಾಜೀವ್ ಗಾಂಧಿ.