ಟಾರ್ಟ್: ನಷ್ಟ ಬೇರೆ, ಅನ್ಯಾಯ ಬೇರೆ

ನಮ್ಮ ಸಂಘದಲ್ಲಿ ವಿಜ್ಞಾನ, ವಾಣಿಜ್ಯ ಓದುವವರೇ ಹೆಚ್ಚು. ಕಾನೂನು ಓದುವ ನನ್ನನ್ನು ಕಂಡಾಗ, "ಅದೇನಪ್ಪಾ ಟಾರ್ಟ್ ಅಂದ್ರೆ?" ಎಂದು ಕೇಳುವ ಮಿತ್ರರಿಗಾಗಿ ಈ ನಾಲ್ಕು ಮಾತು.

ಕನ್ನಡದಲ್ಲಿ ಇದನ್ನು 'ಅಪಕೃತ್ಯ' ಎನ್ನುತ್ತಾರೆ. ಒಬ್ಬನ ನಡತೆಯಿಂದ ಇನ್ನೊಬ್ಬನ ಹಕ್ಕಿಗೆ ಧಕ್ಕೆಯಾದರೆ, ಇಬ್ಬರ ನಡುವೆ ಯಾವ ಕರಾರು ಇಲ್ಲದಿದ್ದರೂ, ಸಿವಿಲ್ ಕೋರ್ಟಿನಲ್ಲಿ ಪರಿಹಾರ ಕೇಳುವ ದಾರಿಯಿದು. ಕರಾರಿಗೆ 1872ರ ಕಾಯಿದೆಯಿದೆ, ಕಲಂಗಳಿವೆ. ಟಾರ್ಟಿಗೆ ನಮ್ಮಲ್ಲಿ ಅಂಥ ಒಂದು ಸಂಹಿತೆ ಇಲ್ಲ. ಬಾಯಿಪಾಠ ನಡೆಯದು, ತೀರ್ಪುಗಳನ್ನೇ ಓದಬೇಕು.

ಮೊದಲ ಪಾಠ: ನಷ್ಟವಾದ ಮಾತ್ರಕ್ಕೆ ದಾವೆ ನಿಲ್ಲದು. 1410ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ ಮೇಷ್ಟ್ರೊಬ್ಬರು ಇದ್ದ ಶಾಲೆಗೆ ಎದುರಾಗಿ ಹೊಸ ಶಾಲೆ ತೆರೆದರು. ಹಳೆಯ ಶಾಲೆಯವರು ಫೀಸನ್ನು 40 ಪೆನ್ನಿಯಿಂದ 12ಕ್ಕೆ ಇಳಿಸಬೇಕಾಯಿತು. ದಾವೆ ಹೂಡಿದರು, ಸೋತರು. ಹೊಟ್ಟೆಯ ಮೇಲೆ ಹೊಡೆತ ಬಿದ್ದದ್ದು ನಿಜ, ಆದರೆ ಪೈಪೋಟಿ ಅನ್ಯಾಯವಲ್ಲವಲ್ಲ! ಇದಕ್ಕೆ ತಿರುವುಮುರುವು 1703ರ ಆ್ಯಶ್ಬಿ ಮೊಕದ್ದಮೆ. ಆತನಿಗೆ ಅಧಿಕಾರಿ ಓಟು ಹಾಕಲು ಬಿಡಲಿಲ್ಲ. ಆತ ಬಯಸಿದ ಅಭ್ಯರ್ಥಿ ಹೇಗೂ ಗೆದ್ದಿದ್ದ. ಕಾಸಿನ ನಷ್ಟವೂ ಇಲ್ಲ. ಆದರೂ ಆ್ಯಶ್ಬಿ ಗೆದ್ದ. ಹಕ್ಕನ್ನು ತಡೆದದ್ದೇ ಅನ್ಯಾಯ.

ಎರಡನೆಯದು: ಹೊಣೆ ಯಾರಿಗೆ, ಯಾರ ಬಗ್ಗೆ? 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಡೊನೊಹ್ಯೂ ಎಂಬಾಕೆ ಶುಂಠಿ ಬಿಯರ್ ಕುಡಿದರು. ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತೆಂದು ದೂರು. ದುಡ್ಡು ಕೊಟ್ಟವರು ಜೊತೆಗಿದ್ದವರು. ಹಾಗಾಗಿ ಆಕೆಗೆ ಅಂಗಡಿಯವನೊಡನೆ ಕರಾರಿಲ್ಲ, ತಯಾರಕನೊಡನೆ ಮೊದಲೇ ಇಲ್ಲ. 1932ರಲ್ಲಿ ಐವರು ನ್ಯಾಯಾಧೀಶರಲ್ಲಿ ಮೂವರು ಆಕೆಯ ಪರ ನಿಂತರು. ನನ್ನ ಕೆಲಸದಿಂದ ಯಾರಿಗೆ ಪೆಟ್ಟಾದೀತೆಂದು ನಾನು ಮುಂಗಾಣಬಲ್ಲೆನೋ ಅವರೆಲ್ಲ ನನ್ನ ನೆರೆಯವರು ಎಂಬುದು ಲಾರ್ಡ್ ಆಟ್ಕಿನ್ ಹಾಕಿಕೊಟ್ಟ ಅಳತೆ. ಸ್ವಾರಸ್ಯವೆಂದರೆ, ಮೊಕದ್ದಮೆ ಆಮೇಲೆ ರಾಜಿಯಾಯಿತು. ಹುಳ ಇತ್ತೋ ಇಲ್ಲವೋ ಎಂಬುದು ಸಾಬೀತೇ ಆಗಲಿಲ್ಲ!

ಮೂರನೆಯದು ನಮ್ಮ ಮನೆಬಾಗಿಲಿಗೇ ಬಂದ ಪ್ರಶ್ನೆ. ಅಪಾಯದ ವಸ್ತುವನ್ನು ತಂದಿಟ್ಟುಕೊಂಡವನು, ತಪ್ಪು ಮಾಡದಿದ್ದರೂ, ಅದು ಹೊರಬಿದ್ದರೆ ಹೊಣೆ ಎಂದು 1868ರ ರೈಲಂಡ್ಸ್ ತೀರ್ಪು ಹೇಳಿತು. ಆದರೆ ದೈವಕೃತ್ಯ, ಮೂರನೆಯವರ ಕೈವಾಡ ಎಂದೆಲ್ಲ ತಪ್ಪಿಸಿಕೊಳ್ಳಲು ಕಿಂಡಿಗಳಿದ್ದವು. 1984ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲ. ಮರುವರ್ಷ ಡಿಸೆಂಬರಿನಲ್ಲೇ ದಿಲ್ಲಿಯ ಕಾರ್ಖಾನೆಯಿಂದ ಓಲಿಯಂ ಸೋರಿಕೆ. ಆಗ ಎಂ. ಸಿ. ಮೆಹ್ತಾ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ಭಗವತಿಯವರ ಪೀಠ 1986ರಲ್ಲಿ ಆ ಕಿಂಡಿಗಳನ್ನೆಲ್ಲ ಮುಚ್ಚಿತು. ಅಪಾಯಕಾರಿ ಉದ್ಯಮ ನಡೆಸಿ ಲಾಭ ಉಣ್ಣುವವನ ಹೊಣೆ ಪೂರ್ಣ. ಉದ್ಯಮ ದೊಡ್ಡದಿದ್ದಷ್ಟೂ ಪರಿಹಾರವೂ ದೊಡ್ಡದಿರಬೇಕು.

ತತ್ವವೇನೋ ಬಂತು. ಭೋಪಾಲದ ದಾವೆ ಮಾತ್ರ 1989ರಲ್ಲಿ 47 ಕೋಟಿ ಡಾಲರಿಗೆ ರಾಜಿಯಲ್ಲಿ ಮುಗಿಯಿತು. ಹೆಚ್ಚಿನ ಪರಿಹಾರದ ಅರ್ಜಿಯನ್ನು 2023ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಪುಸ್ತಕದ ನಿಯಮಕ್ಕೂ ನೊಂದವರ ಕೈ ಸೇರುವ ಹಣಕ್ಕೂ ಎಷ್ಟು ದೂರವೆಂದು ತಿಳಿಯಲು ಇದಕ್ಕಿಂತ ಪಾಠ ಬೇಡ.

ಆದ್ದರಿಂದ ಯಾವ ಮೊಕದ್ದಮೆ ಓದಿದರೂ ನಾನು ಅಂಚಿನಲ್ಲಿ ನಾಲ್ಕು ಪ್ರಶ್ನೆ ಬರೆದುಕೊಳ್ಳುತ್ತೇನೆ: ಯಾವ ಹಕ್ಕಿಗೆ ಧಕ್ಕೆ? ಹೊಣೆ ಯಾರದು? ತಪ್ಪಿಸಿಕೊಳ್ಳಲು ಯಾವ ಕಿಂಡಿ? ಕೊನೆಗೆ, ನೊಂದವರಿಗೆ ಸಿಕ್ಕಿದ್ದೇನು? ನಾಲ್ಕನೆಯದನ್ನು ಪರೀಕ್ಷೆಯಲ್ಲಿ ಕೇಳುವುದು ಅಪರೂಪ; ಕೇಳಬೇಕಾದದ್ದು ಅದನ್ನೇ.